ಕೋವಿ ಒಪ್ಪಿದ ಅಳತೆ

ಆಗಸ್ಟ್ 19

ಮಾವನವರಿಗೆ,

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ನಿಮಗೆ ಆಶ್ಚರ್ಯವಾಗಿರಬೇಕು. ನೀವು ಇಲ್ಲಿಂದ ಹೊರಟ ಮೇಲೆ ನೀವೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಮಗನೇ ಮನೆ ಬಿಟ್ಟ ಮೇಲೆ ಸೊಸೆಯ ಮನೆಯಲ್ಲಿ ಮಾವ ಉಳಿಯುವುದು ಸರಿಯಲ್ಲ ಎಂದು ನೀವು ಪೆಟ್ಟಿಗೆ ಕಟ್ಟಿದಿರಿ. ಹೋಗಬೇಡಿ ಎನ್ನಬೇಕಿತ್ತು. ಆ ದಿನಗಳಲ್ಲಿ ನನಗೆ ಯಾವುದಕ್ಕೂ ಬಾಯಿ ಬರುತ್ತಿರಲಿಲ್ಲ. ಅದಿರಲಿ, ಈಗ ಬರೆಯುತ್ತಿರುವುದು ಕೋವಿಯ ವಿಷಯ.

ಅರಣ್ಯ ಕಚೇರಿಯವರು ವರ್ಷಕ್ಕೊಮ್ಮೆ ಬೇಟೆಗೆ ಚೀಟಿ ಎತ್ತುತ್ತಾರಲ್ಲ, ಎರಡು ಹೆಸರಿದ್ದರೆ ಅದೃಷ್ಟವೂ ಎರಡು ಪಾಲು ಎಂದು ನಿಮ್ಮ ಮಗ ತಮ್ಮ ಹೆಸರಿನ ಜೊತೆ ನನ್ನದನ್ನೂ ಬರೆದು ಹಾಕುತ್ತಿದ್ದರು. ಹೋಗುವ ಮೊದಲು ಈ ವರ್ಷದ ಅರ್ಜಿಯನ್ನೂ ಹಾಕಿದ್ದರೆಂದು ಕಾಣುತ್ತದೆ. ಈ ಸಲ ಚೀಟಿ ಎದ್ದಿದೆ, ನನ್ನ ಹೆಸರಿಗೆ. ನದಿಯಾಚೆಯ ಕಾಡಿನಲ್ಲಿ ಒಂದು ಗಂಡು ಜಿಂಕೆ. ಆ ಕಾಡಿಗೆ ನಳಿಗೆಯ ಬಾಯಿಂದ ಮದ್ದು ತುಂಬುವ ಹಳೇ ಬಗೆಯ ಕೋವಿ ಬಿಟ್ಟರೆ ಬೇರೆಯದನ್ನು ಒಯ್ಯುವಂತಿಲ್ಲ.

ಕಾಗದವನ್ನು ಒಲೆಗೆ ಹಾಕಲು ಹೋದವಳು ಸುಮ್ಮನೆ ನಿಂತುಬಿಟ್ಟೆ. ಇಡೀ ಚಳಿಗಾಲಕ್ಕಾಗುವಷ್ಟು ಮಾಂಸ. ಅದಕ್ಕಿಂತ ಹೆಚ್ಚಾಗಿ, ಇತ್ತೀಚೆಗೆ ನನ್ನ ಹೆಸರಿಗೆ ಬಂದ ಕಾಗದಗಳಲ್ಲಿ ಒಳ್ಳೆಯ ಸುದ್ದಿ ಇದ್ದದ್ದು ಇದೊಂದರಲ್ಲೇ.

ನಮ್ಮ ಮದುವೆಯ ವರ್ಷ ನೀವು ಮಾಡಿಕೊಟ್ಟ ಕೋವಿ ಬೀರುವಿನಲ್ಲೇ ಇದೆ. ಮರದ ಮಿಲ್ಲಿನ ಹಿಂದಿನ ಹಳೆಯ ಕಲ್ಲುಕೋರೆಗೆ ತೆಗೆದುಕೊಂಡು ಹೋಗಿ ಹೊಡೆದೆ. ಮಿಲ್ಲಿನ ಮೇಸ್ತ್ರಿ ಜೊತೆಗಿದ್ದರು, ನಿಮಗೆ ನೆನಪಿರಬಹುದು, ಎರಡು ಮಾತಿಗೆ ಒಂದು ಸಲ ಕೆಮ್ಮುವವರು. ಗುಂಡುಗಳು ಚೆಲ್ಲಿದ ಕಾಳಿನಂತೆ ಹೋದವು. ಗುರಿಗೆ ನೆಟ್ಟ ಹಲಗೆಯ ಮೂಲೆಗೆ ಒಂದು, ಅದರ ಕಾಲಿಗೆ ಒಂದು, ಉಳಿದವು ಎಲ್ಲಿಗೆಂದು ಆ ದೇವರೇ ಬಲ್ಲ. ಮೇಸ್ತ್ರಿ, "ಇದು ಕೋವಿ ಅಲ್ಲಮ್ಮ, ಪಟಾಕಿ. ನಳಿಗೆ ಕೆಟ್ಟಿದೆ, ಯಾರಿಗಾದ್ರೂ ಕೊಟ್ಟುಬಿಡಿ" ಎಂದರು.

ಕೊಟ್ಟುಬಿಡಲೇ? ಮಾಡಿದವರನ್ನು ಒಂದು ಮಾತು ಕೇಳದೆ ಕೊಡಲು ಮನಸ್ಸು ಬರಲಿಲ್ಲ.

ಇಂತಿ,
ನಿಮ್ಮ ಸೊಸೆ

*

ಆಗಸ್ಟ್ 28

ಅಮ್ಮಾ,

ನಿನ್ನ ಪತ್ರ ತಲುಪಿತು. ನಾನು ಇದ್ದ ಹಾಗೇ ಇದ್ದೇನೆ. ನಿನ್ನ ನಾದಿನಿಯ ಮನೆ ಮೂರನೇ ಮಹಡಿಯಲ್ಲಿ. ಕಿಟಕಿಯಲ್ಲಿ ಬಂದರಿನ ಕ್ರೇನುಗಳು ಕಾಣುತ್ತವೆ. ಅವು ಎತ್ತುತ್ತವೆ, ಇಳಿಸುತ್ತವೆ, ನಾನು ಕೂತು ನೋಡುತ್ತೇನೆ. ಕೈನಡುಕ ಹೆಚ್ಚಾಗಿದೆ, ಅದಕ್ಕೇ ಅಕ್ಷರ ಹೀಗೆ ಕುಣಿಯುತ್ತಿದೆ.

ಆ ನಳಿಗೆಯನ್ನು ಕೊರೆದವನು ಇನ್ನೂ ಬದುಕಿದ್ದಾನೆ ಎಂದು ಮೇಸ್ತ್ರಿಗೆ ಹೇಳು. ಅದರೊಳಗಿನ ಸುರುಳಿ ಗೀರುಗಳನ್ನು ಒಂದೊಂದಾಗಿ ಎಳೆದವನು ನಾನು. ಅದು ಕೆಟ್ಟಿದ್ದರೆ ತುಕ್ಕಿನಿಂದ ಕೆಟ್ಟಿರಬೇಕು. ಮೊದಲು ಬಿಸಿನೀರು, ಸೋಪು ಹಾಕಿ ತೊಳೆ. ಒಣಗಿಸಿ ಒಂದು ಬಿಳಿ ಬಟ್ಟೆ ಒಳಗೆ ತಳ್ಳಿ ಹೊರಗೆ ತೆಗೆದು ನೋಡು. ಕೆಂಪು ಹತ್ತದಿದ್ದರೆ ನಳಿಗೆ ಸರಿಯಾಗಿದೆ ಎಂದರ್ಥ.

ಕೋವಿಯನ್ನು ಬೈಯುವ ಮೊದಲು ಅದಕ್ಕೆ ಏನು ಬೇಕೆಂದು ಕೇಳಬೇಕು. ಒಂದೇ ಉಕ್ಕಿನಲ್ಲಿ ಒಬ್ಬನೇ ಮಾಡಿದ ಎರಡು ನಳಿಗೆಗಳಿಗೂ ಒಂದೇ ಊಟ ಸೇರುವುದಿಲ್ಲ. ಒಂದಕ್ಕೆ ಹೆಚ್ಚು ಮದ್ದು ಬೇಕು, ಇನ್ನೊಂದಕ್ಕೆ ಕಡಿಮೆ. ಒಂದು ಗುಂಡಿಗೆ ಸುತ್ತಲು ದಪ್ಪ ಬಟ್ಟೆ ಕೇಳುತ್ತದೆ, ಇನ್ನೊಂದು ತೆಳುವಿನಲ್ಲೇ ತೃಪ್ತಿ ಪಡುತ್ತದೆ. ಹುಡುಕುವ ದಾರಿ ಒಂದೇ. ಮೇಜಿನ ಮೇಲೆ ಮರಳಿನ ಚೀಲ ಇಟ್ಟು ಅದರ ಮೇಲೆ ನಳಿಗೆ ಊರು, ನಿನ್ನ ಉಸಿರು ಅದಕ್ಕೆ ತಾಗಬಾರದು. ಪ್ರತಿ ಸಲವೂ ಗುಂಡನ್ನು ಅಷ್ಟೇ ಆಳಕ್ಕೆ ಒತ್ತು. ತುಂಬುವ ಕೋಲಿನ ಮೇಲೆ ಒಂದು ಗುರುತು ಮಾಡಿಕೋ. ಪ್ರತಿ ಗುಂಡಿನ ನಂತರ ಒದ್ದೆ ಬಟ್ಟೆಯಿಂದ ಒಳಗೆ ಒರೆಸು. ಮುಖ್ಯವಾದದ್ದು ಇದು: ಒಂದು ಸಲಕ್ಕೆ ಒಂದನ್ನೇ ಬದಲಿಸು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎಂದು ಜನ್ಮದಲ್ಲಿ ಗೊತ್ತಾಗುವುದಿಲ್ಲ.

ಇನ್ನೊಂದು ಕೆಲಸ. ಗುಂಡಿಗೆ ಸುತ್ತಿ ತುಂಬುವ ಬಟ್ಟೆಯ ಚೂರು ಹೊಡೆದ ಮೇಲೆ ನಾಲ್ಕು ಮಾರು ಮುಂದೆ ನೆಲಕ್ಕೆ ಬಿದ್ದಿರುತ್ತದೆ. ಅವನ್ನು ಹೆಕ್ಕಿ ಲಕೋಟೆಯಲ್ಲಿ ಹಾಕಿ ಕಳಿಸು. ಕೋವಿಯನ್ನು ಇಲ್ಲಿಗೆ ತರುವಂತಿಲ್ಲ, ಅಲ್ಲಿಗೆ ಬಂದರೂ ನನ್ನ ಕೈ ನಿಲ್ಲುವುದಿಲ್ಲ. ಬಟ್ಟೆಯನ್ನಾದರೂ ನೋಡುತ್ತೇನೆ.

ಇಂತಿ,
ಮಾವ

*

ಸೆಪ್ಟೆಂಬರ್ 14

ಮಾವನವರಿಗೆ,

ಬಟ್ಟೆಯ ಚೂರುಗಳನ್ನು ಇದರ ಜೊತೆ ಇಟ್ಟಿದ್ದೇನೆ. ಹೊಡೆದ ಕ್ರಮದಲ್ಲಿ ಪೆನ್ಸಿಲಿನಿಂದ ಅಂಕಿ ಹಾಕಿದ್ದೇನೆ. ನಳಿಗೆಯಲ್ಲಿ ಕೆಂಪು ಹತ್ತಲಿಲ್ಲ. ಮೇಸ್ತ್ರಿಗೆ ಬಿಳಿ ಬಟ್ಟೆ ತೋರಿಸಿದೆ, ಅವರು ಬರೀ ಕೆಮ್ಮಿದರು.

ಮದ್ದು ತೊಂಬತ್ತರ ಅಳತೆ ಹಾಕಿದೆ. ಅಳತೆ ಕೊಳವೆಯ ಮೇಲೆ ತೊಂಬತ್ತರ ಹತ್ತಿರ ನಿಮ್ಮ ಮಗ ಗೀಟು ಹಾಕಿಟ್ಟಿದ್ದರು. ನೀವು ಹೇಳಿದಂತೆ ಕೂತು ಹೊಡೆದರೂ ಎಲ್ಲವೂ ಹಲಗೆಯ ತುಂಬ ಹರಡಿದವು. ಮೊದಲಿಗಿಂತ ವಾಸಿ, ಹಲಗೆಯೊಳಗಾದರೂ ಇವೆ.

ನಾನು ಇಷ್ಟು ಹಟ ಹಿಡಿಯಲು ಒಂದು ಕಾರಣವಿದೆ, ನಿಮಗೆ ಯಾರೂ ಹೇಳಿರಲಾರರು. ಹಿಂದೊಮ್ಮೆ ಅವರಿಗೆ ಚೀಟಿ ಎದ್ದಾಗ ನಾನೂ ಜೊತೆಗೆ ಹೋಗಿದ್ದೆ. ಅವರು ಹೊಡೆದ ಗುಂಡು ಜಿಂಕೆಯ ಹಿಂಭಾಗಕ್ಕೆ ತಾಗಿತು. ಅದು ಬೀಳಲಿಲ್ಲ, ಓಡಿತು. ಎಲೆಗಳ ಮೇಲಿನ ರಕ್ತ ಹಿಡಿದು ಹುಡುಕುತ್ತಾ ಹೋದೆವು. ತೊರೆಯ ಹತ್ತಿರ ಗುರುತೇ ನಿಂತುಹೋಯಿತು. ಕತ್ತಲಾಗುವ ತನಕ ಅವರು ನೀರಿನಲ್ಲಿ ಮೊಣಕಾಲ ಮಟ್ಟ ಇಳಿದು ಅತ್ತ ಇತ್ತ ಓಡಾಡಿದರು. ಮನೆಗೆ ಬಂದು ಕೋವಿಯನ್ನು ಬೀರುವಿನಲ್ಲಿಟ್ಟವರು ಮತ್ತೆ ಮುಟ್ಟಲಿಲ್ಲ, ಅರ್ಜಿ ಮಾತ್ರ ವರ್ಷವರ್ಷವೂ ಹಾಕುತ್ತಿದ್ದರು. ಆ ವಿಷಯ ಎತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದರು. ಆಮೇಲೆ ಬೇರೆ ವಿಷಯ ಎತ್ತಿದರೂ ಹೊರಗೆ ಹೋಗುವುದು ರೂಢಿಯಾಯಿತು.

ಅಂಥದ್ದು ನನ್ನ ಕೈಯಿಂದ ಆಗಬಾರದು. ಗುಂಡು ಎಲ್ಲಿಗೆ ಹೋಗುತ್ತದೆಂದು ಖಾತ್ರಿಯಾಗದಿದ್ದರೆ ಚೀಟಿಯನ್ನು ಕಚೇರಿಗೆ ವಾಪಸ್ ಕೊಡುತ್ತೇನೆ.

ಇಂತಿ,
ನಿಮ್ಮ ಸೊಸೆ

*

ಸೆಪ್ಟೆಂಬರ್ 22

ಅಮ್ಮಾ,

ನಿನ್ನ ಲಕೋಟೆ ಒಡೆದ ಕೂಡಲೇ ಮನೆಯೆಲ್ಲ ಕೊಳೆತ ಮೊಟ್ಟೆಯ ವಾಸನೆ ತುಂಬಿತು. ಸುಟ್ಟ ಮದ್ದಿನ ವಾಸನೆ. ನಿನ್ನ ನಾದಿನಿ ಮೂಗಿಗೆ ಸೆರಗು ಹಿಡಿದು ಎಲ್ಲ ಕಿಟಕಿ ತೆರೆದಳು. ನನಗೆ ಮಾತ್ರ ನನ್ನ ಹಳೆಯ ಕೋವಿ ಅಂಗಡಿಗೆ ಹೋಗಿ ಬಂದಂತಾಯಿತು.

ಚೂರುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಸರಿಯಾದ ಚೂರು ಹೇಗಿರಬೇಕೆಂದರೆ, ನಡುವೆ ಗುಂಡು ಕೂತ ಜಾಗದಲ್ಲಿ ಕಪ್ಪು ವೃತ್ತ, ಸುತ್ತ ಅಂಚು ಸ್ವಲ್ಪ ಬಿಚ್ಚಿಕೊಂಡಿರಬೇಕು, ಅಷ್ಟೇ. ಇನ್ನೊಮ್ಮೆ ಬಳಸಬಹುದೇನೋ ಅನ್ನಿಸಬೇಕು. ನಿನ್ನವು ನಡುವೆ ಸುಟ್ಟು ತೂತಾಗಿವೆ. ಎರಡಂತೂ ಬರೀ ಅಂಚು. ಅಂದರೆ ಉರಿ ಬಟ್ಟೆಯನ್ನು ದಾಟಿ ಗುಂಡಿನ ಪಕ್ಕದಲ್ಲಿ ನುಗ್ಗುತ್ತಿದೆ, ಗುಂಡು ಗೀರುಗಳನ್ನು ಹಿಡಿಯದೆ ಜಾರುತ್ತಿದೆ.

ಆ ನೀಲಿ ಗೆರೆಯ ಬಟ್ಟೆ ಬೇಡ. ಅದು ಅಂಗಿಯ ಬಟ್ಟೆ, ತುಂಬ ತೆಳು. ಅಂಗಿ ಯಾರದೆಂದು ಗೊತ್ತಾಯಿತು, ಹಾಕಿಕೊಂಡದ್ದನ್ನು ನೋಡಿದ್ದೇನೆ. ಅದರಲ್ಲಿ ಇನ್ನೂ ಉಳಿದಿದ್ದರೆ ನೆಲ ಒರೆಸಲು ಇಟ್ಟುಕೋ. ಕೋವಿಗೆ ಹಾಸಿಗೆಗೆ ಹೊಲಿಯುತ್ತಾರಲ್ಲ, ಆ ಒತ್ತಾಗಿ ನೇಯ್ದ ದಪ್ಪ ಬಟ್ಟೆ ತೆಗೆದುಕೋ. ಹೊಸದಾದರೆ ಒಮ್ಮೆ ಒಗೆದು ಗಂಜಿ ತೆಗೆ. ಜೇನುಮೇಣಕ್ಕೆ ಕೊಬ್ಬು ಬೆರೆಸಿ ಕರಗಿಸಿ ಸವರು, ತೊಟ್ಟಿಕ್ಕುವಷ್ಟು ಬೇಡ.

ಅಷ್ಟು ಮಾಡಿ ಮದ್ದನ್ನು ತೊಂಬತ್ತರಲ್ಲೇ ಇಟ್ಟು ಹೊಡೆ. ಚೂರುಗಳು ಹರಿಯದೆ ಉಳಿದವು ಅಂದರೆ ಬಟ್ಟೆಯ ವಿಷಯ ಮುಗಿಯಿತು. ಆಮೇಲೆ ಮದ್ದು. ಅರವತ್ತಕ್ಕೆ ಇಳಿಸಿ ಅಲ್ಲಿಂದ ಐದೈದೇ ಏರಿಸುತ್ತಾ ಬಾ. ಎಲ್ಲೋ ಒಂದು ಕಡೆ ಗುಂಡುಗಳು ಹತ್ತಿರ ಬರುತ್ತವೆ, ದಾಟಿದರೆ ಮತ್ತೆ ಚದುರುತ್ತವೆ. ಆ ಹತ್ತಿರ ಬಂದ ಜಾಗವೇ ಅದರ ಅಳತೆ. ಅದಕ್ಕೆ ನೀನು ಒಪ್ಪಬೇಕು, ಕೋವಿ ನಿನಗೆ ಒಪ್ಪುವುದಿಲ್ಲ. ಜೋರಾಗಿ ಹೊಡೆದ ಗುಂಡಿಗಿಂತ ನೆಟ್ಟಗೆ ಹೋದ ಗುಂಡು ಮೇಲು.

ಜಿಂಕೆಯ ವಿಷಯ ನನಗೆ ಗೊತ್ತಿರಲಿಲ್ಲ. ಕೋವಿ ಹೇಗಿದೆ ಎಂದು ಕೇಳಿದಾಗಲೆಲ್ಲ "ಚೆನ್ನಾಗಿದೆ" ಎನ್ನುತ್ತಿದ್ದ.

ಇಂತಿ,
ಮಾವ

*

ಅಕ್ಟೋಬರ್ 11

ಮಾವನವರಿಗೆ,

ಈ ಸಲದ ಚೂರುಗಳನ್ನು ನೋಡಿ ನೀವು ಮೀಸೆ ತಿರುವುತ್ತೀರಿ. ಒಂದೂ ಹರಿದಿಲ್ಲ.

ಮಿಲ್ಲಿನಲ್ಲಿ ಸಂಜೆ ಗರಗಸಗಳಿಗೆ ಅರ ಹಾಕಿ ಮುಗಿಸಿ ಕಲ್ಲುಕೋರೆಗೆ ಹೋಗುತ್ತೇನೆ. ಬೆಳಕು ಇರುವಷ್ಟು ಹೊತ್ತು ಹೊಡೆದು ಬರುತ್ತೇನೆ. ಅರವತ್ತರಲ್ಲಿ ಗುಂಡುಗಳು ಅಂಗೈಯಗಲ ಬಂದವು. ಅರವತ್ತೈದರಲ್ಲಿ ಇನ್ನೂ ಸ್ವಲ್ಪ ಹತ್ತಿರ. ಎಪ್ಪತ್ತರಲ್ಲಿ ಮೂರು ತೂತುಗಳು ಒಂದಕ್ಕೊಂದು ತಾಗಿಕೊಂಡು ಮೂರೆಲೆಯ ಹುಲ್ಲಿನ ಹಾಗೆ ಕೂತಿದ್ದವು. ಮೇಸ್ತ್ರಿ ಹತ್ತಿರ ಹೋಗಿ ನೋಡಿ, ಬೆರಳು ಹಾಕಿ ಮುಟ್ಟಿ, ಬೀಡಿ ಹಚ್ಚಿದರು. ನಾನು ಅಲ್ಲಿಗೇ ನಿಲ್ಲಿಸಲಿಲ್ಲ. ಎಪ್ಪತ್ತೈದು, ಎಂಬತ್ತು ನೋಡಿದೆ. ನೀವು ಹೇಳಿದಂತೆಯೇ ಮತ್ತೆ ಚದುರಿದವು. ಪುನಃ ಎಪ್ಪತ್ತಕ್ಕೆ ಬಂದೆ, ಪುನಃ ತಾಗಿಕೊಂಡು ಬಂದವು.

ಗರಗಸದ ಕೆಲಸವೂ ಹೀಗೆಯೇ ಮಾವ. ಒಂದು ಹಲ್ಲಿಗೆ ಹೆಚ್ಚು ಅರ ಹಾಕಿದರೆ ಇಡೀ ಪಟ್ಟಿ ಒಂದು ಕಡೆಗೆ ಎಳೆಯುತ್ತದೆ. ಅದನ್ನು ಗದರಿಸಿ ಪ್ರಯೋಜನವಿಲ್ಲ.

ಆದರೆ ಒಂದು ತೊಂದರೆ. ಪ್ರತಿದಿನವೂ ಮೊದಲನೇ ಗುಂಡು ಮಾತ್ರ ಬಲಕ್ಕೆ, ಸ್ವಲ್ಪ ಮೇಲಕ್ಕೆ ಹೋಗುತ್ತದೆ. ಎರಡನೆಯದರಿಂದ ಎಲ್ಲ ಸರಿ. ಕಾಡಿನಲ್ಲಿ ನನಗಿರುವುದು ಆ ಮೊದಲನೆಯದೊಂದೇ.

ಇನ್ನೊಂದು ಮಾತು. ಅವರ ಪತ್ರ ಬಂದಿದೆ. ಬೇರೆಯಾಗುವ ಕಾಗದಗಳಿಗೆ ಸಹಿ ಬೇಕಂತೆ, ಡಿಸೆಂಬರಿನಲ್ಲಿ ಬರುತ್ತಾರಂತೆ. ಬಂದಾಗ ಕೋವಿಯನ್ನು ತೆಗೆದುಕೊಂಡು ಹೋಗುತ್ತೇನೆ, ಅದು ಅಪ್ಪ ನನಗೆ ಮಾಡಿಕೊಟ್ಟದ್ದು ಎಂದು ಬರೆದಿದ್ದಾರೆ. ಏನು ಮಾಡಲಿ?

ಇಂತಿ,
ನಿಮ್ಮ ಸೊಸೆ

*

ಅಕ್ಟೋಬರ್ 18

ಅಮ್ಮಾ,

ಮೊದಲ ಗುಂಡು ತಪ್ಪುವುದು ಎಣ್ಣೆಯಿಂದ. ರಾತ್ರಿ ತುಕ್ಕು ಹಿಡಿಯದಿರಲೆಂದು ನಳಿಗೆಗೆ ಎಣ್ಣೆ ಹಾಕಿಡುತ್ತೀಯಲ್ಲ, ಮರುದಿನ ಅದರ ಮೇಲೆಯೇ ಮದ್ದು ತುಂಬಿದರೆ ಮೊದಲ ಗುಂಡು ಜಾರಿಕೊಂಡು ಹೋಗುತ್ತದೆ. ಹೊರಡುವ ಮೊದಲು ಒಣ ಬಟ್ಟೆಯಿಂದ ಮೂರು ನಾಲ್ಕು ಸಲ ಒರೆಸು, ಬಟ್ಟೆ ಒಣಗಿಯೇ ಹೊರಗೆ ಬರುವ ತನಕ. ಆಮೇಲೆ ಮದ್ದಿಲ್ಲದೆ, ಕಿಡಿ ಹೊತ್ತಿಸುವ ಕೇಪು ಮಾತ್ರ ಇಟ್ಟು ಒಂದು ಸಲ ಹೊಡೆ. ಕಿಡಿ ಹೋಗುವ ಒಳದಾರಿಯಲ್ಲಿ ಉಳಿದ ಎಣ್ಣೆ ಸುಟ್ಟುಹೋಗುತ್ತದೆ. ನಂತರ ತುಂಬು.

ಇನ್ನು ಮೇಲೆ ದಿನಕ್ಕೊಂದೇ ಗುಂಡು ಹೊಡೆ. ತಣ್ಣಗಿನ, ಶುಚಿಯಾದ ನಳಿಗೆಯಿಂದ ಒಂದು. ಒಂದೇ ಹಲಗೆಯನ್ನು ದಿನವೂ ಅದೇ ಜಾಗದಲ್ಲಿ ಇಡು. ಒಂದು ವಾರದ ಗುಂಡುಗಳು ಒಟ್ಟಿಗೆ ಕೂತರೆ ಆಗ ಕೋವಿ ಸಿದ್ಧ, ನೀನೂ ಸಿದ್ಧ. ಚಳಿ ಹೆಚ್ಚಾದರೆ ಮೇಣ ಗಟ್ಟಿಯಾಗುತ್ತದೆ, ಕೊಬ್ಬಿನ ಪಾಲು ಸ್ವಲ್ಪ ಹೆಚ್ಚಿಸು.

ಇಲ್ಲಿ ಮಳೆ ಹಿಡಿದಿದೆ. ಕ್ರೇನುಗಳು ನಿಂತಿವೆ.

ಇಂತಿ,
ಮಾವ

*

ಅಕ್ಟೋಬರ್ 24

ಮಾವನವರಿಗೆ,

ನಾನು ಒಂದು ಮಾತು ಕೇಳಿದೆ, ನೀವು ಎಣ್ಣೆಯ ವಿಷಯ ಬರೆದಿರಿ.

ನೀವು ಯಾರ ಕಡೆ ಎಂದು ನಾನು ಕೇಳುತ್ತಿಲ್ಲ. ಅವರು ನಿಮ್ಮ ಮಗ, ಆ ಸಂಬಂಧ ಎಲ್ಲಿಗೆ ಹೋಗುತ್ತದೆ. ಕೊಡು ಎಂದರೆ ಕೊಡುತ್ತೇನೆ, ಬೇಡ ಎಂದರೆ ಬಾಗಿಲಲ್ಲಿ ನಿಂತು ಇಲ್ಲ ಎನ್ನುತ್ತೇನೆ. ಆದರೆ ಬಾಯಿಬಿಟ್ಟು ಹೇಳಿ. ಈ ಮನೆಯಲ್ಲಿ ಮಾತಾಡದೆ ಎದ್ದು ಹೋಗುವವರನ್ನು ನೋಡಿ ನನಗೆ ಸಾಕಾಗಿದೆ.

ದಿನಕ್ಕೊಂದು ಹೊಡೆಯುತ್ತಿದ್ದೇನೆ. ಮೊದಲ ಗುಂಡು ಸರಿಹೋಗಿದೆ.

ನಿಮ್ಮ ಸೊಸೆ

*

ನವೆಂಬರ್ 7

ಅಮ್ಮಾ,

ನಿನ್ನ ಮಾತು ಚುಚ್ಚಿತು. ಚುಚ್ಚಬೇಕಾಗಿತ್ತು.

ಉತ್ತರ ಬರೆಯಲು ಕೂತಾಗ ನನಗೇ ಉತ್ತರ ಗೊತ್ತಿಲ್ಲವೆಂದು ತಿಳಿಯಿತು. ಅದಕ್ಕೆ ಅವನಿರುವ ಊರಿಗೆ ಹೋಗಿಬಂದೆ. ನಿನ್ನ ನಾದಿನಿ ಬೇಡವೆಂದಳು, ರೈಲಿನಲ್ಲಿ ಬೀಳುತ್ತೀರಿ ಎಂದಳು. ಬೀಳಲಿಲ್ಲ.

ಅವನು ಲಾರಿಯ ಟೈರಿಗೆ ಹೊಸ ಪಟ್ಟಿ ಕೂರಿಸುವ ಕಡೆ ಕೆಲಸ ಮಾಡುತ್ತಾನೆ. ಮನೆ ಅದರ ಹಿಂದೆಯೇ, ಎರಡು ಕೋಣೆ. ಈಗ ಅವನ ಜೊತೆಗಿರುವ ಹೆಣ್ಣುಮಗಳು ಬಾಗಿಲು ತೆರೆದಳು. ನಾನು ಯಾರೆಂದು ಹೇಳಬೇಕಾಗಲಿಲ್ಲ, ಅಪ್ಪ ಮಗನದು ಒಂದೇ ಮೂಗು. ಟೀ ಕೊಟ್ಟು, ನಾವು ಮಾತಾಡಲೆಂದು ತಾನು ಹೊರಗೆ ಹೋದಳು. ಅವಳನ್ನು ದ್ವೇಷಿಸಬೇಕೆಂದೇ ಹೋಗಿದ್ದೆ. ಅದು ಆಗಲಿಲ್ಲ. ನಿನ್ನ ಹತ್ತಿರ ಸುಳ್ಳು ಹೇಳುವುದು ಯಾಕೆ?

ಅಪ್ಪ ಮಗ ತುಂಬ ಹೊತ್ತು ಟೈರಿನ ಬೆಲೆ, ರಬ್ಬರಿನ ಗುಣ ಎಂದು ಮಾತಾಡಿದೆವು. ಕೊನೆಗೆ ನಾನೇ ಕೇಳಿದೆ, "ಮುಟ್ಟದೇ ಇಟ್ಟ ಕೋವಿ ಈಗ ಯಾಕೋ ನಿನಗೆ?"

ಅವನು ಕೈಗಂಟಿದ ರಬ್ಬರು ಕೆರೆಯುತ್ತಾ, "ನೀನು ನನಗೆ ಅಂತ ಮಾಡಿದ್ದು ಅದೊಂದೇ ಅಪ್ಪ" ಎಂದ.

ಆಮೇಲೆ ತಾನಾಗಿಯೇ ಹೇಳಿದ, "ಅದು ನನ್ನ ಕೈಲಿ ಯಾವತ್ತೂ ಸರಿಯಾಗಿ ಹೊಡೀಲಿಲ್ಲ. ತೊಂಬತ್ತು ಹಾಕು ಅಂದಿದ್ದೆ ನೀನು. ಕಡಿಮೆ ಮಾಡಿದ್ರೆ ಕೋವಿಯ ಒದೆತಕ್ಕೆ ಹೆದರಿದ ಅಂತೀಯ ಅಂತ ಅಷ್ಟೇ ಹಾಕ್ತಾ ಬಂದೆ."

ತೊಂಬತ್ತು ಎಂದು ನಾನು ಹೇಳಿದ್ದು ನನಗೆ ನೆನಪೂ ಇಲ್ಲ. ಆ ಅಳತೆಯ ನಳಿಗೆಗೆ ಎಲ್ಲರಿಗೂ ಹೇಳುತ್ತಿದ್ದ ಮಾತು, ಅವನಿಗೂ ಹೇಳಿರಬೇಕು. ಜಿಂಕೆಯ ವಿಷಯ ನನಗೆ ಗೊತ್ತೆಂದು ಅವನಿಗೆ ತಿಳಿಸಲಿಲ್ಲ.

ಈಗ ನಿನ್ನ ಪ್ರಶ್ನೆ. ಕೋವಿ ಅವನದು ಅಮ್ಮಾ. ಅವನು ನಿನಗೆ ಮಾಡಿದ್ದು ಅನ್ಯಾಯ, ಅದನ್ನು ಅವನ ಮುಖಕ್ಕೇ ಹೇಳಿ ಬಂದಿದ್ದೇನೆ. ಆದರೆ ಅನ್ಯಾಯ ಮಾಡಿದನೆಂದು ಕೊಟ್ಟದ್ದನ್ನು ಕಿತ್ತುಕೊಂಡರೆ, ಇಷ್ಟು ವರ್ಷ ಕೊಟ್ಟೇ ಇರಲಿಲ್ಲ ಎಂದಾಗುತ್ತದೆ. ಬೇಟೆಯ ಹಂಗಾಮು ಮುಗಿಯುವ ತನಕ ಅದು ನಿನ್ನ ಹತ್ತಿರ ಇರಲಿ ಎಂದೆ, ಒಪ್ಪಿದ. ಚೀಟಿ ಯಾರ ಹೆಸರಿಗೆ ಎದ್ದಿದೆ ಎಂದು ಕೇಳಿ ತಿಳಿದುಕೊಂಡ. ನಕ್ಕನೋ ಏನೋ, ನನ್ನ ಕಣ್ಣು ಈಗ ಅಷ್ಟು ಸೂಕ್ಷ್ಮವಿಲ್ಲ.

ನಿನಗೆ ಸಿಟ್ಟು ಬರುತ್ತದೆಂದು ಗೊತ್ತು. ಬಂದರೆ ಅದನ್ನೂ ಬರೆ. ಬರೆಯದೆ ಮಾತ್ರ ಇರಬೇಡ.

ಇಂತಿ,
ಮಾವ

*

ಡಿಸೆಂಬರ್ 3

ಮಾವನವರಿಗೆ,

ಸಿಟ್ಟು ಬಂತು. ನಿಮ್ಮ ಪತ್ರವನ್ನು ಮಡಚಿ ಮಿಲ್ಲಿನ ಸಾಮಾನಿನ ಪೆಟ್ಟಿಗೆಯೊಳಗೆ ತುರುಕಿದೆ. ಕೈಯೆಲ್ಲ ನೋಯಿಸಿಕೊಂಡು ಸರಿಪಡಿಸಿದ ಕೋವಿ, ಬೇರೆಯವರಿಗೆ ಕೊಡುವುದಕ್ಕಾಗಿ ಎಂದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ಹಾಗಿದ್ದರೂ ದಿನವೂ ಕಲ್ಲುಕೋರೆಗೆ ಹೋದೆ, ದಿನಕ್ಕೊಂದು ಹೊಡೆದೆ. ಹಾಗೆ ಹೊಡೆಯುತ್ತಾ ಸಿಟ್ಟು ಕಡಿಮೆಯಾಯಿತು. ಸಿಟ್ಟಿನಲ್ಲಿ ಹೊಡೆದರೆ ಗುಂಡು ಎಡಕ್ಕೆ ಹೋಗುತ್ತಿತ್ತು, ಅದು ನನಗೆ ಸರಿ ಕಾಣಲಿಲ್ಲ.

ಬೇಟೆಯ ವಿಷಯ ಹೇಳುತ್ತೇನೆ. ಮೊದಲ ಬೆಳಗ್ಗೆ ಬಯಲಿನಾಚೆ ಕಾಡಿನಂಚಿನಲ್ಲಿ ದೊಡ್ಡ ಗಂಡೊಂದು ನಿಂತಿತ್ತು. ಕೊಂಬು ನೋಡಿ ಮೇಸ್ತ್ರಿಯ ಕೆಮ್ಮು ತಾನಾಗಿ ನಿಂತಿತು. "ಹೊಡಿ ಹೊಡಿ" ಎಂದು ಪಿಸುಗುಟ್ಟಿದರು. ನಾನು ಹಲಗೆಗೆ ಹೊಡೆದ ದೂರದ ಎರಡರಷ್ಟು ಆಚೆ ಇತ್ತು. ಆ ದೂರದಲ್ಲಿ ಗುಂಡು ಎಷ್ಟು ಇಳಿಯುತ್ತದೆಂದು ನನಗೆ ಗೊತ್ತಿರಲಿಲ್ಲ. ಕೋವಿಯ ಕುದುರೆಯ ಮೇಲಿಂದ ಬೆರಳು ತೆಗೆದೆ. ಅದು ನಿಧಾನಕ್ಕೆ ಮೇಯುತ್ತಾ ಒಳಗೆ ಹೋಯಿತು. ಮೇಸ್ತ್ರಿ ಆ ದಿನವೆಲ್ಲ ನನ್ನ ಜೊತೆ ಮಾತು ಬಿಟ್ಟರು.

ಆಮೇಲೆ ದಿನದಿನವೂ ಖಾಲಿ ಕೈ. ಮಂಜು, ಇಲ್ಲದಿದ್ದರೆ ಗಾಳಿ, ಇಲ್ಲದಿದ್ದರೆ ಹೆಣ್ಣು ಜಿಂಕೆಗಳು. ಹಂಗಾಮಿನ ಕೊನೆಯ ದಿನ ಮೇಸ್ತ್ರಿಗೆ ಜ್ವರ. ಒಬ್ಬಳೇ ಹೋದೆ. ಹೊರಡುವಾಗ ನಳಿಗೆ ಒರೆಸಿದೆ, ಕೇಪು ಸುಟ್ಟೆ, ಎಪ್ಪತ್ತು ಅಳೆದು ತುಂಬಿದೆ, ಕೋಲಿನ ಗುರುತು ನಳಿಗೆಯ ಬಾಯಿಗೆ ಸರಿಯಾಗಿ ಬರುವ ತನಕ ಒತ್ತಿದೆ. ಬಿದ್ದ ಮರಕ್ಕೆ ಒರಗಿ ಕೂತಿದ್ದೆ. ಮಂಜು ಕರಗುವ ಹೊತ್ತಿಗೆ ಒಂದು ಎಳೆಯ ಗಂಡು ತೊರೆ ದಾಟಿ ನನ್ನ ಕಡೆಗೇ ಬಂತು. ಮೊದಲ ದಿನ ಕಂಡದ್ದರಷ್ಟು ದೊಡ್ಡದಲ್ಲ. ಕಲ್ಲುಕೋರೆಯ ಹಲಗೆಗಿಂತ ಹತ್ತಿರ ಬಂದು, ಪಕ್ಕ ತೋರಿಸಿ ನಿಂತಿತು. ಅದರ ಬಾಯಿಯ ಹಬೆ ಕಾಣುತ್ತಿತ್ತು.

ನಾನು ಮರದ ಮೇಲೆ ನಳಿಗೆ ಊರಿ ಹೊಡೆದೆ. ಹೊಗೆಯಲ್ಲಿ ಏನೂ ಕಾಣಲಿಲ್ಲ. ಆ ಹೊಗೆ ಸರಿಯುವ ತನಕ ನಾನು ಪಟ್ಟದ್ದನ್ನು ಬರೆಯಲಾರೆ. ಸರಿದಾಗ ಅದು ನಿಂತ ಜಾಗದಲ್ಲೇ ಬಿದ್ದಿತ್ತು. ಹತ್ತಿರ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅದರ ಕುತ್ತಿಗೆಯ ಮೇಲೆ ಕೈಯಿಟ್ಟೆ, ಬಿಸಿಯಿತ್ತು. ಅಳು ಬಂತು. ಸಂತೋಷಕ್ಕಲ್ಲ, ದುಃಖಕ್ಕೂ ಅಲ್ಲ. ಓಡಲಿಲ್ಲವಲ್ಲ, ಎಲ್ಲೋ ಪೊದೆಯಲ್ಲಿ ರಾತ್ರಿಯೆಲ್ಲ ನರಳಲಿಲ್ಲವಲ್ಲ, ಅದಕ್ಕೆ.

ಮಿಲ್ಲಿನವರು ಬಂದು ಹೊರಲು ಕೈಕೊಟ್ಟರು. ಅರ್ಧ ಅವರಿಗೆ ಹಂಚಿದೆ. ಮೇಸ್ತ್ರಿಯ ಮನೆಗೆ ತೊಡೆಯ ಭಾಗ ಕಳಿಸಿದೆ, ಮಾತು ಶುರುವಾಗಿದೆ.

ಕೋವಿ ತೊಳೆದು ಎಣ್ಣೆ ಹಾಕಿ ಇಟ್ಟಿದ್ದೇನೆ. ಅವರು ಬರಲಿ.

ಇಂತಿ,
ನಿಮ್ಮ ಸೊಸೆ

*

ಡಿಸೆಂಬರ್ 21

ಮಾವನವರಿಗೆ,

ಅವರು ಬಂದು ಹೋದರು.

ಬಾಗಿಲಲ್ಲೇ ನಿಂತಿದ್ದರು, ಒಳಗೆ ಬರಲೋ ಬೇಡವೋ ಎನ್ನುವ ಹಾಗೆ. ತೆಳ್ಳಗಾಗಿದ್ದಾರೆ. ನಾನು ಕೋವಿ ತಂದು ಕೊಟ್ಟೆ. ಅವರು ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ, "ಜಿಂಕೆ ಬಿತ್ತಂತೆ" ಎಂದರು. ಬಿತ್ತು ಎಂದೆ. "ಒಂದೇ ಗುಂಡಿಗಾ?" ಹೌದು ಎಂದೆ. ಹಾಗೇ ಕಳಿಸಿಬಿಡಬಹುದಿತ್ತು. ಆದರೆ ಆ ಕೋವಿಗೆ ಏನು ಬೇಕೆಂದು ತಿಳಿಸದೆ ಅದನ್ನು ಕೊಟ್ಟರೆ ಕೊಟ್ಟ ಹಾಗಾಗುವುದಿಲ್ಲ ಅನ್ನಿಸಿತು. "ಬನ್ನಿ" ಎಂದು ಕಲ್ಲುಕೋರೆಗೆ ಕರೆದುಕೊಂಡು ಹೋದೆ.

ನಾನು ಎಪ್ಪತ್ತು ಅಳೆಯುವಾಗ, "ಅಪ್ಪ ತೊಂಬತ್ತು ಅಂದಿದ್ದ" ಎಂದರು. "ಈ ಕೋವಿಗೆ ಎಪ್ಪತ್ತೇ ಬೇಕಂತೆ. ನಿಮ್ಮಪ್ಪನೂ ಈಗ ಒಪ್ಪಿದ್ದಾರೆ" ಎಂದೆ. ಬಟ್ಟೆ, ಮೇಣ, ಕೋಲಿನ ಗುರುತು ಎಲ್ಲವನ್ನೂ ತೋರಿಸಿದೆ. ಅವರು ಕೂತು ಮೂರು ಹೊಡೆದರು. ಹಲಗೆಯ ಹತ್ತಿರ ಹೋದವರು ವಾಪಸ್ ಬರಲಿಲ್ಲ. ನಾನೇ ಹೋಗಿ ನೋಡಿದೆ. ಮೂರೂ ಒಂದು ಹೆಬ್ಬೆರಳಿನ ಕೆಳಗೆ ಮುಚ್ಚುವಷ್ಟು ಹತ್ತಿರ. ನನ್ನದಕ್ಕಿಂತ ಚೆನ್ನಾಗಿತ್ತು.

ಅಲ್ಲೇ ಒಂದು ಕಲ್ಲಿನ ಮೇಲೆ ಕೂತುಬಿಟ್ಟರು. ಹಲಗೆಯ ಕಡೆ ನೋಡುತ್ತಾ ಹೇಳಿದರು, "ಆವತ್ತು ನನ್ನ ಕೈಯೇ ಸರಿಯಿಲ್ಲ ಅಂದ್ಕೊಂಡೆ. ಆಮೇಲೆ ಮುಟ್ಟಿದ್ದೆಲ್ಲ ಹಾಗೇ ಅನ್ನಿಸೋಕೆ ಶುರುವಾಯ್ತು."

ಅದನ್ನು ಆಗ ಹೇಳಿದ್ದರೆ ಎಂದು ನನ್ನ ನಾಲಿಗೆಯ ತುದಿಗೆ ಬಂತು. ಹೇಳಲಿಲ್ಲ. ಹೇಳಿ ಆಗುವುದೇನೂ ಇರಲಿಲ್ಲ. ಪಕ್ಕದ ಕಲ್ಲಿನ ಮೇಲೆ ಕೂತೆ. ಬೆಳಕು ಹೋಗುವ ತನಕ ಇಬ್ಬರೂ ಹಾಗೇ ಕೂತಿದ್ದೆವು. ನನಗೆ ಅವರು ವಾಪಸ್ ಬರಲಿ ಅನ್ನಿಸಲಿಲ್ಲ ಮಾವ. ಅದು ನನಗೇ ಹೊಸ ವಿಷಯ.

ಮನೆಗೆ ಬಂದು ಕಾಗದಗಳಿಗೆ ಸಹಿ ಹಾಕಿದೆ. ಅವರು ಕೋವಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೊರಟರು. ಗೇಟಿನ ಹತ್ತಿರ ತಿರುಗಿ, "ಅಪ್ಪ ಒಂದ್ಸಲ ಬಂದಿದ್ರೆ ಹೊಡೆದು ತೋರಿಸ್ತಿದ್ದೆ" ಎಂದರು. ಅದನ್ನು ನಿಮಗೆ ಹೇಳು ಎನ್ನಲಿಲ್ಲ. ಹೇಳಲೆಂದೇ ಅಂದದ್ದು ಎಂದು ನನಗೆ ತೋರಿತು, ಬರೆದಿದ್ದೇನೆ.

ಇನ್ನು ಕಾಗದದ ಪ್ರಕಾರ ನಾನು ನಿಮಗೆ ಏನೂ ಆಗಬೇಕಿಲ್ಲ. ಪತ್ರದ ಕೊನೆಯಲ್ಲಿ ಏನೆಂದು ಬರೆಯಬೇಕೋ ತಿಳಿಯದೆ ಪೆನ್ನು ಹಿಡಿದು ಕೂತಿದ್ದೇನೆ. ಜಾಗ ಖಾಲಿ ಬಿಡುತ್ತೇನೆ, ನೀವೇ ತುಂಬಿಕೊಳ್ಳಿ.

ಇಂತಿ,

*

ಜನವರಿ 4

ಅಮ್ಮಾ,

ಖಾಲಿ ಬಿಟ್ಟ ಜಾಗದಲ್ಲಿ "ನಿಮ್ಮ ಸೊಸೆ" ಎಂದು ನಾನೇ ಬರೆದಿದ್ದೇನೆ. ಅಕ್ಷರ ಅಂಕುಡೊಂಕು, ನಿನ್ನದಲ್ಲವೆಂದು ಯಾರಿಗಾದರೂ ಗೊತ್ತಾಗುತ್ತದೆ. ಆದರೂ ಇರಲಿ. ಸಹಿ ಹಾಕಿದ್ದು ನೀವಿಬ್ಬರು, ನನ್ನ ಸಹಿ ಯಾರೂ ಕೇಳಲಿಲ್ಲ. ನಿನ್ನನ್ನು ಬೇರೆ ಏನೋ ಎಂದು ಕರೆಯಲು ಕಲಿಯುವ ವಯಸ್ಸೂ ನನ್ನದಲ್ಲ.

ನನ್ನ ಹಳೆಯ ಪೆಟ್ಟಿಗೆಯಲ್ಲಿ ಕೊರೆದು ಗೀರು ಎಳೆದು ಮುಗಿಸಿದ ನಳಿಗೆಯೊಂದು ಉಳಿದಿದೆ. ಹಿಡಿ, ಕುದುರೆ, ಗುರಿ ನೋಡುವ ಮೊಳೆ ಏನೂ ಕೂರಿಸಿಲ್ಲ, ಕೈ ಕೈಕೊಟ್ಟ ಕಾರಣ ಹಾಗೇ ಬಿದ್ದಿತ್ತು. ತರುತ್ತೇನೆ. ಮರ ನಿನ್ನ ಮಿಲ್ಲಿನಲ್ಲಿದೆ, ಅರ ಹಿಡಿಯುವ ಕೈ ನಿನ್ನದಿದೆ. ನಾನು ಪಕ್ಕದಲ್ಲಿ ಕೂತು ಹೇಳುತ್ತೇನೆ, ನೀನು ಮಾಡು. ಇದಕ್ಕೆ ಎಷ್ಟು ಮದ್ದು ಬೇಕೆಂದು ನನ್ನನ್ನು ಕೇಳಬೇಡ, ನನಗೆ ಗೊತ್ತಿಲ್ಲ. ಮಾಡಿ ನೋಡೋಣ. ನಾನು ನಿನ್ನ ಮನೆಯಲ್ಲಿ ಉಳಿಯುವುದು ಸರಿಯೋ ಅಲ್ಲವೋ ಎಂದು ಈ ಸಲ ನಾನು ತೀರ್ಮಾನಿಸುವುದಿಲ್ಲ. ಬೇಡವೆನಿಸಿದರೆ ಬರೆ, ಮೇಸ್ತ್ರಿಯ ಮನೆಯಲ್ಲಿ ಜಾಗ ಕೇಳುತ್ತೇನೆ. ಕೆಮ್ಮು ಸಹಿಸಿಕೊಳ್ಳುತ್ತೇನೆ.

ನೇರವಾಗಿ ನಿನ್ನಲ್ಲಿಗೆ ಬರುವುದಿಲ್ಲ. ಮೊದಲು ಅವನ ಊರಿನಲ್ಲಿ ಇಳಿಯುತ್ತೇನೆ. ಟೈರಿನ ಕಾರ್ಖಾನೆಯ ಆಚೆ ಖಾಲಿ ಗುಡ್ಡವಿದೆಯಂತೆ, ಭಾನುವಾರ ಹೋಗೋಣವೆಂದು ಬರೆದಿದ್ದಾನೆ. ಅವನು ನನಗೆ ಪತ್ರ ಬರೆದದ್ದು ಇದೇ ಮೊದಲು, ಎರಡು ಸಾಲು. ಅವನು ತುಂಬುತ್ತಾನೆ, ಹೊಡೆಯುತ್ತಾನೆ. ನಾನು ಹಿಂದೆ ನಿಂತು ನೋಡುತ್ತೇನೆ. ಮದ್ದು ಹೆಚ್ಚಾಯಿತು, ಭುಜ ಇಳಿಸು, ಉಸಿರು ಹಿಡಿ, ಏನೊಂದೂ ಹೇಳುವುದಿಲ್ಲ. ನನ್ನ ಬಾಯಿಯ ವಿಷಯ ಗೊತ್ತಿರುವ ನಿನ್ನ ನಾದಿನಿ ಒಂದು ಪೊಟ್ಟಣ ಪೆಪ್ಪರಮೆಂಟು ತಂದು ಕೋಟಿನ ಜೇಬಿಗೆ ಹಾಕಿದ್ದಾಳೆ. ಅವನು ಹೊಡೆದು ಮುಗಿಸಿ, ತಿರುಗಿ ನನ್ನ ಮುಖ ನೋಡುವ ತನಕ ಅದನ್ನು ಚೀಪುತ್ತಾ ನಿಂತಿರುತ್ತೇನೆ.

ಇಂತಿ,
ನಿನ್ನ ಮಾವ